ಗೇರುಸೊಪ್ಪೆಯ ರಾಣಿಯ ಮನಸ್ಸು: ಐತಿಹಾಸಿಕ ಕಾದಂಬರಿಯಲ್ಲಿ ಒಲವು ಮತ್ತು ಮನೆತನ

ಆತ್ಮೀಯ ಕೇಳುಗರೇ, ನಮಸ್ಕಾರ.

1623ನೆಯ ಇಸವಿಯಲ್ಲಿ ಪೋರ್ಚುಗೀಸರ ರಾಯಭಾರಿಯೊಬ್ಬ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಗೋವೆಯಿಂದ ಇಕ್ಕೇರಿಗೆ ಹೊರಟಾಗ, ಅವನ ಪರಿವಾರದ ಜೊತೆ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಇಟಲಿಯ ಪ್ರವಾಸಿಯೂ ಇದ್ದ. ಅವರು ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಘಟ್ಟ ಹತ್ತಿದರು. ಒಂದು ಕಾಲದಲ್ಲಿ ರಾಜಧಾನಿಯಾಗಿ ಮೆರೆದ ಗೇರುಸೊಪ್ಪೆ ಆಗಲೇ ಹಾಳುಬಿದ್ದಿತ್ತು. ಅರಮನೆಯ ಜಾಗದಲ್ಲಿ ಮರಗಿಡಗಳು ಎದ್ದಿದ್ದವು. ಆ ಊರು ಹಾಳಾದ ಬಗೆಯನ್ನು ಪ್ರವಾಸಿಯು ತನ್ನ ಬರಹದಲ್ಲಿ ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸಿದ್ದಾನೆ. ಇಲ್ಲಿಯ ಕೊನೆಯ ರಾಣಿ ಹೊರಗಿನಿಂದ ಬಂದ, ಕುಲದಲ್ಲಿ ಕೀಳೆನಿಸಿದ ಒಬ್ಬನಿಗೆ ಮನಸೋತು ರಾಜ್ಯವನ್ನೇ ಅವನ ಕೈಗೆ ಒಪ್ಪಿಸಿದಳಂತೆ, ಅವನು ಅವಳಿಗೇ ತಿರುಗಿಬಿದ್ದನಂತೆ, ಆ ಒಡಕಿನ ನಡುವೆ ವೆಂಕಟಪ್ಪ ನಾಯಕ ಬಂದು ಎಲ್ಲವನ್ನೂ ವಶಪಡಿಸಿಕೊಂಡನಂತೆ.

ಇದು ನಡೆದ ಸಂಗತಿಯೋ, ಗೆದ್ದವರ ಕಡೆಯಿಂದ ಹಬ್ಬಿದ ಮಾತೋ ಎಂಬುದನ್ನು ಇತಿಹಾಸದ ವಿದ್ವಾಂಸರು ಚರ್ಚಿಸಲಿ. ಆದರೆ ಒಂದು ಸಂಸ್ಥಾನವನ್ನು ಆಳಿದ ಹೆಣ್ಣಿನ ಒಲವಿನ ವಿಚಾರ, ದಾರಿಹೋಕನೊಬ್ಬನ ಲೇಖನಿಯಲ್ಲಿ, ಅವಳ ಶತ್ರುವಿನ ಭೇಟಿಗೆ ಹೋಗುವ ದಾರಿಯಲ್ಲಿ, ಅಷ್ಟು ಅವಸರದಲ್ಲಿ ದಾಖಲಾಗಿ ಮುಗಿದುಹೋಯಿತಲ್ಲ ಎಂಬ ಸಂಕಟ ಆ ಸಾಲುಗಳನ್ನು ಓದಿದಾಗಲೆಲ್ಲ ನನ್ನನ್ನು ಕಾಡುತ್ತದೆ. ಅವಳು ಅವನನ್ನು ಮೊದಲು ಕಂಡದ್ದು ಎಲ್ಲಿ? ಅವನನ್ನು ನಂಬಬೇಡವೆಂದು ಹೇಳುವ ಧೈರ್ಯ ಅರಮನೆಯಲ್ಲಿ ಯಾರಿಗಿತ್ತು? ಅವನು ಕೈಕೊಟ್ಟನೆಂಬ ಸುದ್ದಿ ಬಂದ ದಿನ ಅವಳು ಯಾರ ಮುಂದೆ ಅತ್ತಳು, ಅಥವಾ ಯಾರ ಮುಂದೆಯೂ ಅಳಲಾರದೆ ಉಳಿದಳೇ? ಶಾಸನಗಳು ಈ ಪ್ರಶ್ನೆಗಳ ಹತ್ತಿರ ಸುಳಿಯುವುದಿಲ್ಲ. ಪೋರ್ಚುಗೀಸರ ಕಾಗದಪತ್ರಗಳಿಗೆ ಅವಳ ಕಾಳುಮೆಣಸು ಮುಖ್ಯವಾಗಿತ್ತು, ಆದ್ದರಿಂದ ಅವರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದರು. ಐತಿಹಾಸಿಕ ಕಾದಂಬರಿ ಹುಟ್ಟುವುದು ದಾಖಲೆಯು ಹೀಗೆ ಬಾಯಿ ಮುಚ್ಚಿಕೊಳ್ಳುವ ಜಾಗದಲ್ಲಿ ಎಂದು ನಾನು ನಂಬಿದ್ದೇನೆ. ಅದು ನಮ್ಮ ಎದೆಯನ್ನು ಮುಟ್ಟುವುದೂ ಅದೇ ಕಾರಣದಿಂದ.

ಗಜಾನನ ಶರ್ಮರು ಚೆನ್ನಭೈರಾದೇವಿಯನ್ನೇ ನಾಯಕಿಯಾಗಿಸಿ ಕಾದಂಬರಿ ಬರೆದ ಮೇಲೆ ನನ್ನ ಪರಿಚಯದ ಅನೇಕ ಓದುಗರು, ಅದರಲ್ಲೂ ಹೆಣ್ಣುಮಕ್ಕಳು, ಮಿರ್ಜಾನದ ಕೋಟೆಗೂ ಗೇರುಸೊಪ್ಪೆಯ ಚತುರ್ಮುಖ ಬಸದಿಗೂ ಹೊಸದಾಗಿ ಹೋಗಿಬಂದರು. ಮಿರ್ಜಾನ ಕೋಟೆಯ ಪಕ್ಕದ ಹೆದ್ದಾರಿಯಲ್ಲಿ ಅವರು ಹುಟ್ಟಿದಾಗಿನಿಂದ ಬಸ್ಸಿನಲ್ಲಿ ಓಡಾಡಿದವರು. ಆ ಕಲ್ಲುಗಳ ನಡುವೆ ಒಬ್ಬಳು ಬದುಕಿದ್ದಳು, ಅವಳಿಗೂ ತವರಿತ್ತು, ಮುಪ್ಪಿತ್ತು, ಸೋಲಿನ ಭಯವಿತ್ತು ಎಂಬ ಅರಿವು ಬಂದದ್ದು ಕಾದಂಬರಿಯಿಂದ. ಅವಳು ಆಳಿದ್ದು 1552ರಿಂದ 1606ರವರೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅಂದರೆ ಅರ್ಧ ಶತಮಾನಕ್ಕೂ ಮಿಕ್ಕಿದ ಕಾಲ. ಪಾಠಪುಸ್ತಕದಲ್ಲಿ ಅದು ಎರಡು ಇಸವಿಗಳ ನಡುವಿನ ಒಂದು ಸಣ್ಣ ಗೆರೆ. ಕಾದಂಬರಿಯಲ್ಲಿ ಅದು ಒಬ್ಬಳ ಹರೆಯ, ನಡುಹರೆಯ, ವೃದ್ಧಾಪ್ಯ.

ಐತಿಹಾಸಿಕ ಕಾದಂಬರಿಯ ಓದುಗನಿಗೆ ಕಥೆಯ ಕೊನೆ ಮೊದಲೇ ಗೊತ್ತಿರುತ್ತದೆ. ತ.ರಾ.ಸು. ಅವರ ದುರ್ಗಾಸ್ತಮಾನವನ್ನು ಕೈಗೆತ್ತಿಕೊಳ್ಳುವವನಿಗೆ, 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತು, ಮದಕರಿನಾಯಕನಿಗೆ ಉಳಿವಿಲ್ಲ ಎಂಬುದನ್ನು ಹೆಸರೇ ಹೇಳಿಬಿಟ್ಟಿದೆ. ಹಾಗಿದ್ದೂ ನೂರಾರು ಪುಟಗಳನ್ನು ನಾವು ಉಸಿರು ಬಿಗಿಹಿಡಿದು ಓದುತ್ತೇವೆ. ಇದು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಗದ್ದೆಯ ಬಯಲಿನಲ್ಲಿ ಚಂಡೆಯ ಸದ್ದಿಗೆ ಕೂತು ಕರ್ಣನ ಪ್ರಸಂಗ ನೋಡುವ ಪ್ರತಿಯೊಬ್ಬರಿಗೂ ಕರ್ಣ ಬೆಳಗಾಗುವುದರೊಳಗೆ ಸಾಯುತ್ತಾನೆಂದು ಗೊತ್ತು; ಕುಂತಿ ಬಂದು ಮಗನೇ ಎಂದು ಕರೆಯುವ ಗಳಿಗೆಯಲ್ಲಿ ಆ ತಿಳಿವೇ ಕಣ್ಣನ್ನು ತೇವಗೊಳಿಸುತ್ತದೆ. ಕಾದಂಬರಿಯಲ್ಲಿಯೂ ಹಾಗೆಯೇ. ನಾಯಕನ ಮನೆಯಲ್ಲಿ ಮಗುವಿಗೆ ತೊಟ್ಟಿಲು ಕಟ್ಟುತ್ತಾರೆ, ಮುಂದಿನ ವರ್ಷದ ಜಾತ್ರೆಯ ಮಾತಾಡುತ್ತಾರೆ, ಗಂಡ ಹೆಂಡತಿ ಸಣ್ಣದೊಂದು ವಿಷಯಕ್ಕೆ ಮುನಿಸಿಕೊಂಡು ಇನ್ನೊಂದು ದಿನ ಸಮಾಧಾನ ಮಾಡಿಕೊಳ್ಳೋಣವೆಂದು ಮಲಗುತ್ತಾರೆ. ಅವರಿಗೆ ಆ ಇನ್ನೊಂದು ದಿನ ಇಲ್ಲವೆಂಬುದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಂದಿನ ಕಾಲದ ಕಥೆಯಲ್ಲಿ ಮುಂದೇನಾಗುವುದೋ ಎಂಬ ಕುತೂಹಲ ನಮ್ಮನ್ನು ನಡೆಸಿದರೆ, ಇಲ್ಲಿ ಪಾತ್ರಗಳ ಬಗ್ಗೆ ಮರುಕವೇ ನಡೆಸುತ್ತದೆ, ಮತ್ತು ಆ ಮರುಕದಲ್ಲಿ, ನಮಗೂ ನಮ್ಮ ನಾಳೆ ಕಾಣಿಸುವುದಿಲ್ಲವಲ್ಲ ಎಂಬ ಅರಿವು ತಾನಾಗಿಯೇ ಬಂದು ಸೇರುತ್ತದೆ.

ಮಾಸ್ತಿಯವರ ಚಿಕವೀರ ರಾಜೇಂದ್ರವನ್ನು ನೋಡಿ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿದ್ದು ಇತಿಹಾಸದ ಘಟನೆ. ದಂಡು ಬಂದದ್ದು, ಕರಾರು ಬರೆದದ್ದು ಎಲ್ಲವೂ ದಾಖಲೆಯಲ್ಲಿದೆ. ಮಾಸ್ತಿಯವರು ಆ ರಾಜ್ಯ ಒಳಗಿನಿಂದ ಕೊಳೆತದ್ದನ್ನು ಒಂದು ಮನೆಯ ಒಳಗೆ ತೋರಿಸುತ್ತಾರೆ. ಅಣ್ಣನಾದ ರಾಜನಿಗೂ ತಂಗಿಗೂ ನಡುವೆ ಬೆಳೆದ ಹಗೆ, ಆ ಹಗೆಗೆ ಬಲಿಯಾಗುವ ತಂಗಿಯ ಹಸುಗೂಸು, ಗಂಡನ ಕ್ರೌರ್ಯವನ್ನು ಕಂಡೂ ಅವನನ್ನು ಬಿಡಲಾರದೆ, ಅವನ ತಪ್ಪುಗಳ ನಡುವೆಯೇ ಮನೆತನದ ಮರ್ಯಾದೆಯನ್ನು ಹಿಡಿದು ನಿಲ್ಲಿಸಲು ಹೆಣಗುವ ರಾಣಿ ಗೌರಮ್ಮ. ರಾಜ್ಯ ಹೋದುದಕ್ಕೆ ನನಗೆ ದುಃಖವಾಗುವುದಿಲ್ಲ, ಗೌರಮ್ಮನಿಗಾಗಿ ಆಗುತ್ತದೆ. ಅಣ್ಣತಂಗಿಯರು ಆಸ್ತಿಯ ಜಗಳದಲ್ಲಿ ಮಾತುಬಿಟ್ಟ ಮನೆಗಳನ್ನು ನಮ್ಮ ಸುತ್ತ ನಾವೆಲ್ಲ ಕಂಡಿದ್ದೇವೆ. ಆ ಕಾದಂಬರಿಯನ್ನು ಓದುವಾಗ ಕೊಡಗಿನ ಅರಮನೆ ಅಷ್ಟೊಂದು ಪರಿಚಿತವೆನಿಸುವುದು ಅದಕ್ಕೇ.

ಇತಿಹಾಸದ ಕಾದಂಬರಿಗೆ ರಾಜರಾಣಿಯರೇ ಬೇಕೆಂದೇನೂ ಇಲ್ಲ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿನ ಕಥೆ. ಅದರಲ್ಲಿ ನಾಯಿಗುತ್ತಿ ಎಂಬ ಜೀತದಾಳು ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಓಡುತ್ತಾನೆ. ಚಿನ್ನಮ್ಮ ತನಗೆ ಬೇಡವಾದ ಮದುವೆಯ ಹಿಂದಿನ ರಾತ್ರಿ ಮನೆ ಬಿಟ್ಟು ಕಾಡಿನ ಕತ್ತಲೆಗೆ ಇಳಿಯುತ್ತಾಳೆ. ಇಂದು ಒಬ್ಬಳು ಹುಡುಗಿ ಈ ಮದುವೆ ನನಗೆ ಬೇಡವೆಂದರೆ ಮನೆಯಲ್ಲಿ ಜಗಳವಾದೀತು, ಕೆಲವು ತಿಂಗಳು ಮಾತು ನಿಂತೀತು. ಚಿನ್ನಮ್ಮನ ಕಾಲದಲ್ಲಿ ಅದಕ್ಕೆ ಪ್ರಾಣವನ್ನೇ ಪಣಕ್ಕಿಡಬೇಕಾಗಿತ್ತು. ಒಲವು ಎಲ್ಲ ಕಾಲದಲ್ಲಿಯೂ ಇದೆ. ಅದಕ್ಕೆ ಒಂದೊಂದು ಕಾಲ ಕೇಳುವ ಬೆಲೆ ಬೇರೆ ಬೇರೆ. ಆ ಬೆಲೆ ಎಷ್ಟೆಂಬುದನ್ನು ಕಾದಂಬರಿಕಾರ ಪ್ರಾಮಾಣಿಕವಾಗಿ ತೋರಿಸಿದಾಗ, ಒಂದು ಹುಡುಗಿ ಬಾಗಿಲ ಅಗಳಿ ತೆಗೆದು ಅಂಗಳಕ್ಕೆ ಕಾಲಿಡುವುದು ಕೋಟೆಯ ಮುತ್ತಿಗೆಯಷ್ಟೇ ದೊಡ್ಡ ಘಟನೆಯಾಗುತ್ತದೆ.

ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆತನಗಳ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಈ ವಿಷಯದಲ್ಲಿ ನನಗೆ ಹೇಳಬೇಕೆನಿಸುವುದು ಹೆಚ್ಚು ಇರುವುದು ಇಲ್ಲಿಯೇ. ಕಾರವಾರ, ಅಂಕೋಲೆ, ಕುಮಟೆಗಳ ಎಷ್ಟೋ ಮನೆಗಳ ಕುಲದೇವರು ಗೋವೆಯಲ್ಲಿದ್ದಾರೆ. ಮಗುವಿನ ಜವಳ, ಮದುವೆಯ ಹರಕೆ ಎಂದು ನಾವು ಮಂಗೇಶಿಗೆ, ಕವಳೆಯ ಶಾಂತಾದುರ್ಗೆಗೆ, ಮ್ಹಾರ್ದೋಳದ ಮಹಾಲಸೆಗೆ ಹೋಗಿಬರುತ್ತೇವೆ. ಆ ದೇವರುಗಳೂ ಮೊದಲು ಇದ್ದದ್ದು ಬೇರೆ ಊರುಗಳಲ್ಲಿ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. 1560ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಾಲಯ ಬಂದಿತು. ಆ ಸುಮಾರಿಗೆ ದೇವಸ್ಥಾನಗಳನ್ನು ಕೆಡವುತ್ತಿದ್ದಾಗ ಭಕ್ತರು ಮೂರ್ತಿಗಳನ್ನು ಹೊತ್ತು ನದಿ ದಾಟಿಸಿ ಬೇರೆಡೆ ಸ್ಥಾಪಿಸಿದರು. ದೇವರು ಎಲ್ಲಿಂದ ಎಲ್ಲಿಗೆ ಹೋದರೆಂಬುದನ್ನು ನಾವು ಸ್ಪಷ್ಟವಾಗಿ ನೆನಪಿಟ್ಟಿದ್ದೇವೆ. ಮನುಷ್ಯರದ್ದು ಮರೆತುಹೋಗಿದೆ. ಆ ರಾತ್ರಿ ಮಚವೆ ದೋಣಿ ಹತ್ತಿದವರಲ್ಲಿ ಬಸುರಿಯರಿದ್ದಿರಬೇಕು, ಬರಲಾರೆನೆಂದು ಹಿತ್ತಿಲ ಕಟ್ಟೆಯ ಮೇಲೆ ಕೂತುಬಿಟ್ಟ ಮುದುಕರಿದ್ದಿರಬೇಕು, ಮತಾಂತರವಾಗಿ ಅಲ್ಲಿಯೇ ಉಳಿದ ಒಬ್ಬ ತಮ್ಮ, ಊರು ಬಿಟ್ಟು ಹೊರಟ ಒಬ್ಬ ಅಣ್ಣ ಇದ್ದಿರಬೇಕು. ಆ ಅಣ್ಣತಮ್ಮಂದಿರು ಕೊನೆಯ ಬಾರಿಗೆ ಏನು ಮಾತಾಡಿಕೊಂಡರು?

ಗೋಪಾಲಕೃಷ್ಣ ಪೈ ಅವರ ಸ್ವಪ್ನ ಸಾರಸ್ವತ ಈ ವಲಸೆಯನ್ನೇ ಎತ್ತಿಕೊಂಡು, ಗೋವೆಯ ವೆರಣೆಯಿಂದ ದಕ್ಷಿಣಕ್ಕೆ ಹೊರಟವರ ಬದುಕನ್ನು ತಲೆಮಾರುಗಳ ಉದ್ದಕ್ಕೂ ಹಿಡಿದು ಬರೆದ ಕಾದಂಬರಿ. 2009ರಲ್ಲಿ ಬಂದ ಈ ಕೃತಿಗೆ 2011ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಕೊಂಕಣಿ ಮನೆಮಾತಿನ ಹಿರಿಯರು ಇದನ್ನು ತಮ್ಮ ಮನೆಯ ಕಾಗದಪತ್ರಗಳ ಹಾಗೆ ಓದಿದ್ದನ್ನು ನಾನು ಕಂಡಿದ್ದೇನೆ. ತಮ್ಮ ಅಜ್ಜಿಯ ಬಾಯಲ್ಲಿ ಅರ್ಧಕ್ಕೆ ನಿಂತ ಕಥೆಗೆ ಇಲ್ಲಿ ಮುಂದಿನ ಭಾಗ ಸಿಕ್ಕಿತೆಂಬ ಸಮಾಧಾನ ಅವರ ಮಾತಿನಲ್ಲಿತ್ತು. ಕಾದಂಬರಿಯ ವಿಠ್ಠು ಪೈ ಅವರ ಮೂಲಪುರುಷನಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಯಾರೋ ಒಬ್ಬ ಮೂಲಪುರುಷ ಇದ್ದೇ ಇದ್ದನಲ್ಲ, ಅವನಿಗೂ ಹೀಗೆಯೇ ಅನ್ನಿಸಿರಬಹುದಲ್ಲ ಎಂಬಷ್ಟರಿಂದಲೇ ಎದೆ ತುಂಬುತ್ತದೆ.

ಇದೇ ದಾರಿಯಲ್ಲಿ ಎದುರುಮುಖವಾಗಿ ಹೋದ ಮನೆತನವೂ ಒಂದಿದೆ. ಶಿರಸಿಯ ಹತ್ತಿರದ ಸೋದೆಯ ಅರಸರು, ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದು ಅವರ ಸೀಮೆಯ ಮೇಲೂ ಬಿದ್ದಾಗ, ಘಟ್ಟ ಇಳಿದು ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ನೆಲೆಸಿದರು. ಎರಡು ಶತಮಾನಗಳ ಹಿಂದೆ ಯಾರಿಗೆ ಹೆದರಿ ಒಂದು ಜನ ಇತ್ತ ಓಡಿಬಂದಿತ್ತೋ ಅವರ ಬಳಿಗೇ ಇನ್ನೊಂದು ಮನೆತನ ಆಶ್ರಯ ಕೇಳಿಕೊಂಡು ಹೋಯಿತು. ಅಡಕೆ ತೋಟ, ಕಾಡು, ಮಠಗಳ ನಡುವೆ ಹುಟ್ಟಿ ಬೆಳೆದ ಆ ಅರಮನೆಯ ಹೆಣ್ಣುಮಕ್ಕಳು ಫೋಂಡಾದ ಕಡೆಯ ಹೊಸ ಮನೆಯಲ್ಲಿ ಮೊದಲ ಮಳೆಗಾಲವನ್ನು ಹೇಗೆ ಕಳೆದರೋ ಎಂದು ನಾನು ಯೋಚಿಸುತ್ತೇನೆ. ಈ ವಸ್ತುವಿಗೆ ಒಬ್ಬ ಸಮರ್ಥ ಕಾದಂಬರಿಕಾರ ಬೇಕು.

ಸಮರ್ಥ ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಹಿಂದಿನ ಕಾಲದ ಪಾತ್ರಗಳ ತಲೆಯೊಳಗೆ ಇಂದಿನ ಮನಸ್ಸನ್ನು ತುರುಕಿದ ಕಾದಂಬರಿಗಳು ಸಾಕಷ್ಟು ಬರುತ್ತಿವೆ. ಅವುಗಳಲ್ಲಿ ಹದಿನಾರನೆಯ ಶತಮಾನದ ರಾಣಿ ಇಂದಿನ ಕಾಲೇಜಿನ ವಿದ್ಯಾರ್ಥಿನಿಯ ಹಾಗೆ ತನ್ನ ಹಕ್ಕುಗಳ ಬಗ್ಗೆ ಮಾತಾಡುತ್ತಾಳೆ, ಪ್ರಿಯಕರ ಪುಟಕ್ಕೊಮ್ಮೆ ಕಣ್ಣೀರು ಸುರಿಸುತ್ತಾನೆ. ಅಂಥ ಪುಸ್ತಕ ಓದುಗನಿಗೆ ನೋವು ಕೊಡಬಾರದೆಂದು ಆ ಕಾಲದ ನಿಜವನ್ನೇ ಮರೆಮಾಡುತ್ತದೆ. ಬಾಲ್ಯದಲ್ಲಿ ಮದುವೆಯಾಗಿ, ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು ಅಡಿಗೆಮನೆಯ ಮೂಲೆಯಲ್ಲಿ ಜೀವನ ಸವೆಸಿದವರು ನಮ್ಮ ಕೂಡುಕುಟುಂಬಗಳಲ್ಲಿ ಇದ್ದರು. ಅವರಲ್ಲಿ ಅನೇಕರು ಅದನ್ನು ಅನ್ಯಾಯವೆಂದು ಕರೆಯಲಿಲ್ಲ, ಹಣೆಬರಹವೆಂದು ಕರೆದರು. ಅಣ್ಣನ ಮಕ್ಕಳನ್ನು ತಮ್ಮ ಮಕ್ಕಳಂತೆ ಸಾಕಿದರು. ಅವರ ಬಾಯಲ್ಲಿ ನಮ್ಮ ಸಿಟ್ಟನ್ನು ಆಡಿಸಿದರೆ ಅವರ ಪ್ರೀತಿಯನ್ನು ನಾವು ಕಳೆದುಕೊಳ್ಳುತ್ತೇವೆ. ಅವರು ತಮ್ಮ ಕಾಲದ ನಂಬಿಕೆಗಳೊಳಗೇ ಹೇಗೆ ಪ್ರೀತಿಸಿದರು, ಎಲ್ಲಿ ಮೌನವಾಗಿ ಆ ನಂಬಿಕೆಯನ್ನು ಮೀರಿದರು ಎಂಬುದನ್ನು ಕಾಣಲು ತಾಳ್ಮೆ ಬೇಕು, ಹಳೆಯ ಹಾಡು, ಹಳೆಯ ಪತ್ರ, ಜಮೀನಿನ ಕಾಗದಗಳನ್ನು ಓದುವ ಶ್ರಮ ಬೇಕು.

ಹೆಚ್ಚು ದೂರದ ಕಾಲಕ್ಕೆ ಹೋಗಬೇಕೆಂದೂ ಇಲ್ಲ. 1930ರ ದಶಕದ ಆರಂಭದಲ್ಲಿ ಅಂಕೋಲೆ, ಶಿರಸಿ, ಸಿದ್ದಾಪುರಗಳ ರೈತರು ಬ್ರಿಟಿಷ್ ಸರ್ಕಾರಕ್ಕೆ ಭೂಕಂದಾಯ ಕೊಡಲು ನಿರಾಕರಿಸಿದರು. ಸರ್ಕಾರ ಅವರ ಜಮೀನು, ಮನೆಸಾಮಾನು, ದನಕರುಗಳನ್ನು ಜಪ್ತಿ ಮಾಡಿ ಹರಾಜು ಹಾಕಿತು. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಹರಾಜಿನ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತು ಸತ್ಯಾಗ್ರಹ ಮಾಡಿದರು. ಇದರ ಇತಿಹಾಸವನ್ನು ಬರೆದವರು ಉಪವಾಸ ಕುಳಿತವರ ತ್ಯಾಗವನ್ನು ಗೌರವದಿಂದ ದಾಖಲಿಸಿದ್ದಾರೆ, ಅದು ಸರಿಯೇ. ಆದರೆ ಕಾದಂಬರಿಕಾರನಾದವನು ಬಾಗಿಲ ಆಚೆಗೂ ಹೋಗಬೇಕು. ಆಸ್ತಿ ಕೊಂಡವನ ಮನೆಯೊಳಗೂ ಒಬ್ಬ ಹೆಂಡತಿ ಇದ್ದಿರಬೇಕು. ಹೊರಗೆ ಅಂಗಳದಲ್ಲಿ ಕುಳಿತವರಲ್ಲಿ ಒಬ್ಬಳು ಅವಳ ತವರೂರಿನವಳೇ ಆಗಿದ್ದಿರಬಹುದು, ಇಬ್ಬರೂ ಒಂದೇ ಜಾತ್ರೆಯಲ್ಲಿ ಬಳೆ ಇಡಿಸಿಕೊಂಡವರಿರಬಹುದು. ಅವರು ಉಪವಾಸವಿರುವಾಗ ಅವಳು ಒಲೆ ಹಚ್ಚಬೇಕು, ಗಂಡನಿಗೂ ಮಕ್ಕಳಿಗೂ ಬಡಿಸಬೇಕು, ಗಂಡ ಮಾಡಿದ್ದು ತಪ್ಪೆಂದು ಹೇಳಲು ಅವಳಿಗೆ ಬಾಯಿಲ್ಲ, ಹೊರಗೆ ಹೋಗಿ ಅವರ ಜೊತೆ ಕೂರಲು ಅವಳಿಗೆ ಕಾಲಿಲ್ಲ. ಆ ಹೆಣ್ಣಿನ ಹೆಸರು ಯಾವ ಹೋರಾಟದ ಪಟ್ಟಿಯಲ್ಲಿಯೂ ಬರುವುದಿಲ್ಲ. ಅವಳ ಕಡೆಯಿಂದ ಆ ದಿನಗಳ ಕಥೆಯನ್ನು ಯಾರಾದರೂ ಕನ್ನಡದಲ್ಲಿ ಬರೆದರೆ ಅದನ್ನು ಮೊದಲು ಓದುವವರಲ್ಲಿ ನಾನೂ ಒಬ್ಬನಾಗಿರಬೇಕೆಂದು ಬಯಸುತ್ತೇನೆ.

ನಮಸ್ಕಾರ.