ಮೂರು ಊರು, ಐದು ಕಿಲೋಮೀಟರ್, ಬಾಯಿ ಬಿಟ್ಟ ಶೂ

ಬಸ್ ಹತ್ತಿದ್ದು, ಟಿಕೆಟ್ ತೆಗೆದದ್ದು, ಕಿಟಕಿ ಪಕ್ಕದ ಸೀಟಿಗಾಗಿ ಅಮ್ಮ ನನ್ನನ್ನು ಎಬ್ಬಿಸಿದ್ದು ಎಲ್ಲವೂ ಈ ವಿಡಿಯೊದಲ್ಲಿ ನಿಮಗೆ ಕಾಣುತ್ತಿದೆ. ಕೋಲ್ಮಾರ್ ಬಿಟ್ಟು ರಿಬೋವಿಲೆಗೆ ಬಂದಿದ್ದೇವೆ. ಇದು ಫ್ರಾನ್ಸಿನ ಪೂರ್ವದ ಅಂಚು, ಅಲ್ಸಾಸ್. ಎಡಗಡೆ ಇರುವುದು ವೋಜ್ ಬೆಟ್ಟಸಾಲು. ಅದರ ತಪ್ಪಲಿನಲ್ಲಿ ಸುಮಾರು 170 ಕಿಲೋಮೀಟರ್ ಉದ್ದದ ವೈನ್ ಮಾರ್ಗವಿದೆ, 1953ರಲ್ಲಿ ಉದ್ಘಾಟನೆಯಾದದ್ದು. ಅಷ್ಟನ್ನೂ ಕಾರಿನಲ್ಲಿ ಸುತ್ತುವವರು ಸುತ್ತಲಿ. ನಾವು ನಡೆಯುವುದು ಅದರಲ್ಲಿ ಸುಮಾರು ಐದು ಕಿಲೋಮೀಟರ್ ಮಾತ್ರ: ರಿಬೋವಿಲೆಯಿಂದ ಉನಾವಿರ್, ಅಲ್ಲಿಂದ ರಿಕ್ವಿರ್. ಅಮ್ಮನ ಮಂಡಿಗೆ ಇಷ್ಟೇ ಸಾಕೆಂದು ನಾನೇ ತೀರ್ಮಾನಿಸಿದ್ದೆ. ಮಂಡಿ ಏನೂ ತೊಂದರೆ ಕೊಡಲಿಲ್ಲ. ಕೊಟ್ಟದ್ದು ಬೇರೆ, ಅಲ್ಲಿಗೆ ಬರುತ್ತೇನೆ.

ಊರಿನ ಮೇಲೆ ಕಾಣುವುದು ಮೂರು ಪಾಳು ಕೋಟೆಗಳು: ಸೇಂಟ್ ಉಲ್ರಿಶ್, ಗಿರ್ಸ್‌ಬರ್ಗ್, ಹೋ-ರಿಬೋಪಿಯೇರ್. "ಹತ್ತೋಣವೇನೋ?" ಎಂದರು ಅಮ್ಮ. ನಾನು ಕೇಳಿಸದವನಂತೆ ಕ್ಯಾಮೆರಾ ಸರಿಮಾಡಿಕೊಂಡೆ. ಸುಲಭದ ದಾರಿ ಎಂದು ವಿಡಿಯೊಗೆ ಹೆಸರಿಟ್ಟಾಗಿದೆ.

ಇಲ್ಲಿಂದ ದ್ರಾಕ್ಷಿ ತೋಟ ಶುರು. ಜೂನ್ ತಿಂಗಳು, ಕಾಯಿಗಳು ಇನ್ನೂ ಮೆಣಸಿನ ಕಾಳಿನಷ್ಟು. ನಮ್ಮ ಚಿಕ್ಕಬಳ್ಳಾಪುರದ ಕಡೆ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಾರೆ, ನೆರಳಿನಲ್ಲಿ ತಲೆ ಬಗ್ಗಿಸಿ ಓಡಾಡಬೇಕು. ಇಲ್ಲಿ ತಂತಿಗೆ ಕಟ್ಟಿ ಸಾಲಾಗಿ ನಿಲ್ಲಿಸಿದ್ದಾರೆ. ನೆರಳು ಎಂಬುದೇ ಇಲ್ಲ, ಟೋಪಿ ತನ್ನಿ. ಪಡುವಣ ಗಾಳಿ ತರುವ ಮಳೆಯನ್ನೆಲ್ಲ ವೋಜ್ ಬೆಟ್ಟ ಆಚೆ ಬದಿಯಲ್ಲೇ ಇಳಿಸಿಕೊಳ್ಳುತ್ತದೆ. ಹಾಗಾಗಿ ಕೋಲ್ಮಾರ್ ಫ್ರಾನ್ಸಿನ ಅತಿ ಕಡಿಮೆ ಮಳೆಯ ಊರುಗಳಲ್ಲಿ ಒಂದು. ಆಗುಂಬೆ ತೊಯ್ದು ತೊಪ್ಪೆಯಾಗುವಾಗ ಚಿತ್ರದುರ್ಗ ಒಣಗುವ ಹಾಗೆ. ರೀಸ್ಲಿಂಗ್, ಗೆವುರ್ಟ್ಸ್‌ಟ್ರಾಮಿನರ್ ಎಂಬ ಬಿಳಿ ವೈನಿನ ದ್ರಾಕ್ಷಿಗಳಿಗೆ ಈ ಬಿಸಿಲು ಹಿತ. ನನಗೆ ಅಲ್ಲ.

ಈಗ ನೋಡಿ, ಚಿತ್ರ ಅಲ್ಲಾಡಿತು. ನಾನು ಮುಗ್ಗರಿಸಿದ್ದು ಅಲ್ಲೇ. ಬಲಗಾಲಿನ ಶೂ ಬಾಯಿ ಬಿಟ್ಟಿತು. ಹೊಲಿಗೆ ಬಿಟ್ಟದ್ದಲ್ಲ, ಅಟ್ಟೆಯೇ ಹಳೆಯ ಬಿಸ್ಕತ್ತಿನಂತೆ ಪುಡಿಪುಡಿಯಾಗಿ ಉದುರಿತು. ನಾಲ್ಕು ವರ್ಷದ ಹಿಂದೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 140 ಯೂರೊ ಕೊಟ್ಟು ಕೊಂಡ ಬೆಟ್ಟ ಹತ್ತುವ ಶೂ. ಹಾಕಿದ್ದು ಎರಡೇ ಸಲ. ಒಳ್ಳೆಯ ಪ್ರಯಾಣಕ್ಕಿರಲಿ ಎಂದು ಪೆಟ್ಟಿಗೆಯಲ್ಲಿ ಕಾಗದ ಸುತ್ತಿ ಇಟ್ಟಿದ್ದೆ. ತೋಟದ ಕಲ್ಲುಗೋಡೆಯ ಮೇಲೆ ಕುಳಿತು ಮೊಬೈಲಿನಲ್ಲಿ ಹುಡುಕಿದಾಗ ತಿಳಿಯಿತು: ಇಂಥ ಶೂಗಳ ಅಟ್ಟೆಯೊಳಗಿನ ಪಾಲಿಯುರೆಥೇನ್ ನೊರೆ ಗಾಳಿಯ ತೇವಕ್ಕೆ ನಿಧಾನವಾಗಿ ಒಡೆಯುತ್ತದೆ, ಹಾಕದೆ ಇಟ್ಟರೂ ಒಡೆಯುತ್ತದೆ. ಅಂದರೆ ನಾನು ಜೋಪಾನ ಮಾಡುತ್ತಿದ್ದಷ್ಟು ದಿನವೂ ಅದು ಒಳಗೊಳಗೇ ಸಾಯುತ್ತಿತ್ತು. ಇದನ್ನು ಅಂಗಡಿಯವನು ಒಂದು ಮಾತಾದರೂ ಹೇಳಬಹುದಿತ್ತಲ್ಲವೇ? ನೀರು ತಾಗದಂತೆ ಬಳಿಯುವ ಎಣ್ಣೆಯನ್ನು ಮಾತ್ರ ಮರೆಯದೆ ಮಾರಿದ, ಅದಕ್ಕೆ ಬೇರೆ ದುಡ್ಡು.

ಅಮ್ಮ ಶೂ ಬೆಲೆಯನ್ನು ಮನಸ್ಸಿನಲ್ಲೇ ರೂಪಾಯಿಗೆ ಇಳಿಸಿಕೊಂಡರು. "ಹನ್ನೆರಡು ಸಾವಿರಕ್ಕೂ ಮೇಲಾಯಿತು. ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಿದರೆ ಇನ್ನೇನಾಗುತ್ತದೆ?"

"ನಿನ್ನ ಧಾರೆ ಸೀರೆಯನ್ನು ನೀನು ಇಟ್ಟುಕೊಂಡಿಲ್ಲವೇನಮ್ಮ?"

"ಅದನ್ನು ವರ್ಷಕ್ಕೊಮ್ಮೆ ಬಿಚ್ಚಿ, ಮಡಿಕೆ ಬದಲಿಸಿ ಇಡುತ್ತೇನೆ ಕಣೋ."

ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮ ತಮ್ಮ ಜಡೆಯ ರಬ್ಬರ್ ಬ್ಯಾಂಡು ಬಿಚ್ಚಿ, ಕೈಚೀಲದಿಂದ ಇನ್ನೆರಡು ತೆಗೆದು ನನ್ನ ಶೂಗೆ ಬಿಗಿದರು. ಅವರು ಕಾಲಿಗೆ ಹಾಕಿಕೊಂಡಿದ್ದು ಮಾಮೂಲಿ ಚಪ್ಪಲಿ. ಬೆಳಿಗ್ಗೆ ಆ ಚಪ್ಪಲಿಗಾಗಿ ನಾನು ಉಪದೇಶ ಮಾಡಿದ್ದ ಭಾಗವನ್ನು ಕತ್ತರಿಸಿ ಹಾಕಿದ್ದೇನೆ.

ಅಯ್ಯೋ, ಉನಾವಿರ್ ಬಂದೇಬಿಟ್ಟಿದೆ. ಗುಡ್ಡದ ಮೇಲೆ ಕೋಟೆಗೋಡೆಯೊಳಗೆ ಕುಳಿತಿರುವುದು ಇಲ್ಲಿನ ಚರ್ಚ್. ಹದಿನೇಳನೆಯ ಶತಮಾನದಿಂದ ಕ್ಯಾಥೊಲಿಕರೂ ಪ್ರಾಟೆಸ್ಟೆಂಟರೂ ಇದೊಂದನ್ನೇ ಹಂಚಿಕೊಂಡಿದ್ದಾರೆ. ಊರಿನ ಹೆಸರು ಹುನಾ ಎಂಬ ಸಂತಳದು. ಬಡವರ ಬಟ್ಟೆ ಒಗೆದುಕೊಡುತ್ತಿದ್ದಳು, ಬೆಳೆ ಕೈಕೊಟ್ಟ ಒಂದು ವರ್ಷ ಅವಳ ಚಿಲುಮೆಯಲ್ಲಿ ವೈನ್ ಹರಿಯಿತು ಎಂಬುದು ಐತಿಹ್ಯ. ವೈನಿನ ಭಾಗ ಅಮ್ಮನಿಗೆ ಹಿಡಿಸಲಿಲ್ಲ. "ಬಟ್ಟೆ ಒಗೆದದ್ದಕ್ಕೆ ಸಂತಳಾದಳೇ? ಹಾಗಾದರೆ ನನಗೂ ಒಂದು ಚರ್ಚ್ ಕಟ್ಟಿಸು" ಎಂದರು.

ಕೊಕ್ಕರೆಯ ದೃಶ್ಯ ಚಿಕ್ಕದು, ಬೇಗ ಹೇಳುತ್ತೇನೆ. 1974ರ ಹೊತ್ತಿಗೆ ಇಡೀ ಅಲ್ಸಾಸ್‌ನಲ್ಲಿ ಬಿಳಿ ಕೊಕ್ಕರೆ ಹತ್ತು ಜೋಡಿಯೂ ಉಳಿದಿರಲಿಲ್ಲ. ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋದವು ಬರಕ್ಕೆ, ವಿದ್ಯುತ್ ತಂತಿಗೆ ಸಿಕ್ಕಿ ಮರಳುತ್ತಿರಲಿಲ್ಲ. 1976ರಲ್ಲಿ ಈ ಊರಿನಲ್ಲೇ ಒಂದು ಕೇಂದ್ರ ತೆರೆದು, ಹಕ್ಕಿಗಳನ್ನು ಮೂರು ವರ್ಷ ಬಲೆಯೊಳಗೆ ಸಾಕಿದರು, ವಲಸೆ ಹೋಗುವ ತುಡಿತವೇ ಮರೆಯಲಿ ಎಂದು. ಈಗ ಸೂರಿನ ಮೇಲೆಲ್ಲ ಅವುಗಳದೇ ಗೂಡು. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಿಸೆ ಮರ, ಇಲ್ಲಿ ಹೊಗೆಗೂಡು. ಹಕ್ಕಿಗೆ ತವರಿನ ದಾರಿ ಮರೆಸುವುದು ಸರಿಯೇ ಎಂದು ಆ ಹೊತ್ತು ಸಿಟ್ಟು ಬಂದಿತ್ತು. ಮರಿಗಳು ಕತ್ತು ಚಾಚಿದ್ದು ನೋಡಿ ಸಿಟ್ಟು ಇಳಿಯಿತು.

ರಿಕ್ವಿರ್. ಮೊದಲ ಹತ್ತು ನಿಮಿಷ ಈ ಊರನ್ನು ಬೈದುಕೊಂಡೆ. ಬಸ್ಸುಗಟ್ಟಲೆ ಜನ, ಮನೆಗೆ ಬಳಿದ ಬಣ್ಣವೂ ಗೊಂಬೆಯಂಗಡಿಯದು. ಈ ಊರು 1324ರಿಂದ ಫ್ರೆಂಚ್ ಕ್ರಾಂತಿಯ ಕಾಲದವರೆಗೆ ವ್ಯುರ್ಟೆಂಬರ್ಗ್ ದೊರೆಗಳದು, ಅಂದರೆ ನಾನೀಗ ಬಾಡಿಗೆ ಕಟ್ಟುತ್ತಿರುವ ಸ್ಟುಟ್‌ಗಾರ್ಟ್‌ನವರದು. ಕೊನೆಯಲ್ಲಿರುವ ಮರದ ಚೌಕಟ್ಟಿನ ಗೋಪುರ ಡೋಲ್ಡರ್, 1291ರದು. ಏಳುನೂರು ವರ್ಷ ದಾಟಿಯೂ ನಿಂತಿದೆ. ಅದರ ಕೆಳಗೇ ನನ್ನ ಎಡಗಾಲಿನ ಶೂ ಕೂಡ ಪುಡಿಯಾಯಿತು.

ಊರೆಲ್ಲ ಅಲೆದರೂ ನನಗೆ ಒಂದು ಚಪ್ಪಲಿ ಅಂಗಡಿ ಸಿಗಲಿಲ್ಲ. ವೈನ್, ಕುಗೆಲ್‌ಹೊಪ್ಫ್ ಎಂಬ ಕೇಕು, ಬಟ್ಟೆಯ ಕೊಕ್ಕರೆ, ಮತ್ತೆ ವೈನ್. ಕಡೆಗೆ ಒಂದು ಅಂಗಡಿಯಲ್ಲಿ ಮನೆಯೊಳಗೆ ಹಾಕುವ ಕೆಂಪು ಉಣ್ಣೆಯ ಚಪ್ಪಲಿ, ಮೇಲೆ ಕೊಕ್ಕರೆಯ ಕಸೂತಿ. 29 ಯೂರೊ. ಚೌಕಾಸಿಗೆ ಅಮ್ಮ ಕನ್ನಡದಲ್ಲೇ ಪ್ರಯತ್ನಿಸಿದರು, ಅಂಗಡಿಯಾಕೆ ಫ್ರೆಂಚಿನಲ್ಲೇ ಆಗುವುದಿಲ್ಲ ಎಂದಳು, ಇಬ್ಬರಿಗೂ ಅರ್ಥವಾಯಿತು.

ಸಂಜೆ ಆರು ಕಳೆದ ಮೇಲೆ ಪ್ರವಾಸಿ ಬಸ್ಸುಗಳು ಹೊರಟುಹೋದವು. ಯಾರೋ ಮೇಲಿನ ಕಿಟಕಿಯ ಹೂಕುಂಡಕ್ಕೆ ನೀರು ಹಾಕಿದರು, ಅದು ಕಲ್ಲುಹಾಸಿನ ಮೇಲೆ ತೊಟ್ಟಿಕ್ಕುತ್ತಿತ್ತು. ಬೈದದ್ದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಬರುವುದಾದರೆ ಈ ಹೊತ್ತಿಗೇ ಬನ್ನಿ. ಆದರೆ ವಾಪಸು ಬಸ್ಸಿನ ವೇಳೆ ಮೊದಲೇ ನೋಡಿಕೊಂಡಿರಿ, ಇಗೋ ನಮ್ಮದು ಬಂತು. ಉಣ್ಣೆ ಚಪ್ಪಲಿಯಲ್ಲಿ ಓಡುತ್ತಿರುವುದು ನಾನು. ಮುಂದೆ ಓಡುತ್ತಿರುವುದು ಅಮ್ಮ.