ರಸೀದಿ ಯಾರದು?

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ಇಪ್ಪತ್ತೇ ನಿಮಿಷ ಅಂದಿದ್ದಾರೆ. ವಕೀಲನ ಕೈಗೆ ಮೈಕ್ ಕೊಟ್ಟು ಹಾಗೆಲ್ಲ ಹೇಳಬಾರದು.

ಇವತ್ತಿನ ವಿಷಯ, 'ಸಾಲ ಮಾಫಿ ಮಾಡಿಸಿಕೊಡ್ತೀವಿ' ಅನ್ನೋ ಕಂಪನಿಗಳು. ನಾನೇ ಕೇಳಿ ತೆಗೆದುಕೊಂಡೆ. ಕಾರಣ ಒಂದು ಬಿಸ್ಕೆಟ್ ಡಬ್ಬಿ.

ನಮ್ಮ ಬೀದಿಯಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗ ಒಬ್ಬನಿದ್ದಾನೆ. ಕ್ರೆಡಿಟ್ ಕಾರ್ಡ್ ಬಾಕಿ 2.40 ಲಕ್ಷ ಆಗಿತ್ತು. ಒಂದು ಜಾಹೀರಾತು ನೋಡಿದ: 'ಅರ್ಧ ಸಾಲ ಮಾಫಿ, ರಿಕವರಿ ಕಾಲ್ ಬಂದ್.' ಸೇರಿಕೊಂಡ. ಅವರು ಹೇಳಿದ ಮೊದಲ ಮಾತು, 'ಇವತ್ತಿನಿಂದ ಬ್ಯಾಂಕಿಗೆ ಕಟ್ಟಬೇಡಿ. ಫೋನ್ ಬಂದರೆ ನಮಗೆ ತಿರುಗಿಸಿ.' ತಿಂಗಳಿಗೆ 3,500 ರೂಪಾಯಿ ಫೀಸು. ಹನ್ನೊಂದು ತಿಂಗಳು ಕಟ್ಟಿದ. ಹನ್ನೆರಡನೇ ತಿಂಗಳು ಮನೆಗೆ ಕೋರ್ಟ್ ನೋಟೀಸ್ ಬಂತು. ಕಂಪನಿಯನ್ನು ಕೇಳಿದರೆ, 'ಕೋರ್ಟ್ ವಿಷಯ ನಿಮ್ಮ ಪ್ಲಾನಿನಲ್ಲಿ ಬರಲ್ಲ ಸರ್.'

ರಾತ್ರಿ ಒಂಬತ್ತೂವರೆಗೆ ತಾಯಿ ಜೊತೆ ನಮ್ಮನೆಗೆ ಬಂದ. ಕೈಯಲ್ಲಿ ಡಬ್ಬಿ. ಒಳಗೆ ಹನ್ನೊಂದೂ ರಸೀದಿ, ಪ್ರಿಂಟ್ ತೆಗೆಸಿ, ತಿಂಗಳ ಪ್ರಕಾರ ಪಿನ್ ಹೊಡೆದದ್ದು. 'ಒಂದು ತಿಂಗಳೂ ತಪ್ಪಿಸಿಲ್ಲ ಸಾರ್' ಅಂದರು ಆ ತಾಯಿ. ಎಲ್ಲದರಲ್ಲೂ 'ಸೇವಾ ಶುಲ್ಕ', ಕೆಳಗೆ ಜಿಎಸ್‌ಟಿ. 38,500 ರೂಪಾಯಿಯಲ್ಲಿ ಒಂದು ಪೈಸೆಯೂ ಬ್ಯಾಂಕಿಗೆ ಹೋಗಿರಲಿಲ್ಲ. ಅತ್ತ ಬಾಕಿ ಮೂರೂವರೆ ಲಕ್ಷ ದಾಟಿತ್ತು.

ಆವತ್ತಿನಿಂದ ಹೋದಲ್ಲೆಲ್ಲ ಇದೊಂದೇ ಕೇಳುತ್ತೇನೆ. ರಸೀದಿ ಯಾರದು? ಸಾಲ ಕೊಟ್ಟವರದಾ, ನಡುವೆ ನಿಂತವರದಾ?

ನಡುವೆ ನಿಂತವರು ಬ್ಯಾಂಕಿನ ಜೊತೆ ಮಾತಾಡಬಹುದು, ಅಷ್ಟೇ. ಬಡ್ಡಿ ನಿಲ್ಲಿಸಲಾರರು. ಕೇಸ್ ತಡೆಯಲಾರರು. 'ಕಾಲ್ ಬಂದ್' ಮಾಡೋಕೆ ದುಡ್ಡು ಯಾಕೆ ಬೇಕು ಹೇಳಿ? ವಸೂಲಿ ಏಜೆಂಟರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮೀರಿದರೆ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿ, ಇದ್ದಾರೆ. ಅದಕ್ಕೆ ಫೀಸಿಲ್ಲ, ಆದ್ದರಿಂದ ಜಾಹೀರಾತೂ ಇಲ್ಲ.

ಹುಡುಗನ ಕೇಸನ್ನು ಲೋಕ ಅದಾಲತ್‌ಗೆ ಹಾಕಿಸಿದೆ. ಮೊದಲ ಸಲ ಬ್ಯಾಂಕಿನವರು ಒಪ್ಪಲಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ರಾಜಿ. ಎರಡನೇ ಸಲ 1.90 ಲಕ್ಷಕ್ಕೆ ಬಂದರು, ಅದೂ ಕಂತಿನಲ್ಲಿ. ಅಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯ, ಅಂದರೆ ತೀರ್ಪಿನ, ಬಲ ಇದೆ. ಮೇಲ್ಮನವಿ ಇಲ್ಲ. ನಾಳೆ ಬ್ಯಾಂಕಿನ ಮ್ಯಾನೇಜರ್ ಬದಲಾದರೂ ಮಾತು ಬದಲಾಗುವಂತಿಲ್ಲ. ಸಿಬಿಲ್‌ನಲ್ಲಿ, ಅಂದರೆ ನಮ್ಮ ಸಾಲದ ಜಾತಕದಲ್ಲಿ, 'ಸೆಟಲ್ಡ್' (ಪೂರ್ತಿ ಕಟ್ಟದೆ ಮುಗಿಸಿದ್ದು) ಅನ್ನೋ ಕಲೆ ಇಲ್ಲೂ ಬರುತ್ತೆ, ಸುಳ್ಳು ಹೇಳಲ್ಲ. ಆದರೆ ಈಗ ಡಬ್ಬಿಯಲ್ಲಿರೋ ರಸೀದಿ ಬ್ಯಾಂಕಿನದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಆಯ್ತು ಸಾರ್.

ದಿವಾಳಿ ಕಾನೂನಿನ ಬಗ್ಗೆ ಎರಡು ಪುಟ ಬರೆದುಕೊಂಡಿದ್ದೆ. 2016ರ ಹೊಸ ಕಾಯ್ದೆಯಲ್ಲಿ ನಮ್ಮ ನಿಮ್ಮಂಥವರ ಸಾಲದ ಭಾಗ ಇನ್ನೂ ಜಾರಿಗೆ ಬಂದಿಲ್ಲ. 1920ರ ಕಾಯ್ದೆಯೇ ಗತಿ. 500 ರೂಪಾಯಿ ಸಾಲ ಇದ್ದರೂ ಅದರಲ್ಲಿ ಅರ್ಜಿ ಹಾಕಬಹುದು! ಈಗ ಹೋಟೆಲಿಗೆ ಸಂಸಾರ ಸಮೇತ ಹೋದರೆ ಎಲ್ಲರೂ ಅರ್ಹರೇ. ನಗಬೇಡಿ. ನ್ಯಾಯಾಲಯ ದಿವಾಳಿ ಅಂತ ಘೋಷಿಸಿದ ಮೇಲೆ, ಅದರ ಅನುಮತಿ ಇಲ್ಲದೆ ಸಾಲಗಾರನ ಮೇಲೆ ಹೊಸ ದಾವೆ ಹಾಕುವಂತಿಲ್ಲ. ಇಂಥ ರಕ್ಷಣೆ ಯಾವ ಕಂಪನಿಯ ಪ್ಲಾನಿನಲ್ಲೂ ಸಿಗಲ್ಲ.

ಮೈಕ್ರೋ ಫೈನಾನ್ಸ್ ಕಿರುಕುಳದ ಬಗ್ಗೆ ನಮ್ಮ ರಾಜ್ಯದ 2025ರ ಕಾನೂನು ಉಳಿದೇ ಹೋಯ್ತು. ಕಾನೂನು ಸೇವಾ ಪ್ರಾಧಿಕಾರದ ನಂಬರ್ ಬರೆದುಕೊಳ್ಳಿ: 15100. ನೋಟೀಸ್ ತಂದವರು ಕಾಫಿ ಆದ ಮೇಲೆ ತೋರಿಸಿ. ರಸೀದಿಯನ್ನೂ ತನ್ನಿ. ಕನ್ನಡಕ ಜೇಬಲ್ಲೇ ಇದೆ.