ಮೊದಲು ಒಂದು ಚಿಕ್ಕ ರೊಟ್ಟಿ

ಕೇಳುಗರೇ, ಎಲ್ಲರಿಗೂ ಕ್ರಿಸ್ತ ಯೇಸುವಿನ ಹೆಸರಿನಲ್ಲಿ ವಂದನೆಗಳು.

ಕೈಯಲ್ಲಿ ಕಾಸಿಲ್ಲದಾಗ ದಶಮಾಂಶ, ಅಂದರೆ ಆದಾಯದ ಹತ್ತನೇ ಪಾಲು, ದೇವರಿಗೆ ಕೊಡುವುದು ಹೇಗೆ? ಇವತ್ತು ಇದರ ಬಗ್ಗೆ ಮಾತಾಡೋಣ. ಈಗ ಕೇಳುತ್ತಿರುವ ನಿಮ್ಮಲ್ಲಿ ಕೆಲವರ ಕೆಲಸ ಹೋಗಿದೆ. ಕೆಲವರ ಮನೆಯಲ್ಲಿ ಕಾಯಿಲೆ. ಕೆಲವರಿಗೆ ಸಾಲ ಕೊಟ್ಟವರ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ನಾನು ಮಾತಾಡುತ್ತಿರುವುದು ನಿಮ್ಮ ಹತ್ತಿರ. ಅನುಕೂಲವಾಗಿ ಇರುವವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ.

ಹೇಳಬೇಕಾದದ್ದು ಒಂದೇ ಮಾತು. ನಿಮ್ಮ ಹತ್ತಿರ ಇಲ್ಲದ್ದನ್ನು ದೇವರು ಕೇಳುವುದಿಲ್ಲ. ಇರುವುದರಲ್ಲಿ ಮೊದಲ ಪಾಲು ಕೇಳುತ್ತಾನೆ.

ದಶಮಾಂಶ ಅಂದರೆ 100ಕ್ಕೆ 10. ಮೋಶೆಯ ಧರ್ಮಶಾಸ್ತ್ರ ಬರುವುದಕ್ಕೂ ಎಷ್ಟೋ ಮುಂಚೆ ಯಾಕೋಬ ಇದನ್ನು ಹರಕೆ ಹೊತ್ತ. ಯಾವಾಗ? ಅಣ್ಣನಿಗೆ ಹೆದರಿ ಮನೆ ಬಿಟ್ಟು ಓಡುತ್ತಿದ್ದಾಗ. ಬೇತೇಲಿನಲ್ಲಿ ಕಲ್ಲನ್ನು ತಲೆದಿಂಬು ಮಾಡಿಕೊಂಡು ಮಲಗಿದ್ದವನು ಅವನು. ಕೊಡೋದಕ್ಕೆ ಅವತ್ತು ಅವನ ಹತ್ತಿರ ಏನೂ ಇರಲಿಲ್ಲ. ‘ನೀನು ನನಗೆ ಕೊಡುವ ಎಲ್ಲದರಲ್ಲೂ ಹತ್ತನೇ ಪಾಲು ನಿನ್ನದು’ ಎಂದು ದೇವರಿಗೆ ಹೇಳಿದ. ದೇವರು ಮೊದಲು ಕೊಡಬೇಕು, ಆಮೇಲೆ ಪಾಲಿನ ಮಾತು. ಮೋಶೆಯ ಕಾಲದಲ್ಲೂ ಹಾಗೇ. ಹೊಲದಲ್ಲಿ ಬೆಳೆದದ್ದರಲ್ಲಿ ಹತ್ತನೇ ಪಾಲು. ಬೆಳೆಯದೆ ಹೋದ ಕಾಳಿಗೆ ಯಾರೂ ಲೆಕ್ಕ ಕೇಳಲಿಲ್ಲ. ಆದಾಯ ಸೊನ್ನೆಯಾದರೆ ಅದರ ಹತ್ತನೇ ಪಾಲೂ ಸೊನ್ನೆ. ದಯವಿಟ್ಟು ಸಾಲ ತಂದು ದಶಮಾಂಶ ಕೊಡಬೇಡಿ.

ಚಾರೆಪ್ತದ ಆ ವಿಧವೆಯ ಕಥೆ ನಿಮಗೆ ಗೊತ್ತು. ಆದರೂ ನಾನು ಹೇಳುತ್ತೇನೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅರಸುಗಳ ಮೊದಲನೇ ಪುಸ್ತಕ, 17ನೇ ಅಧ್ಯಾಯ. ನನಗೆ ಇದನ್ನು ಎಷ್ಟು ಸಲ ಓದಿದರೂ ಸಾಲದು.

ದೇಶದಲ್ಲಿ ಬರ. ಪ್ರವಾದಿ ಎಲೀಯ ಕೆರೀತ್ ಹಳ್ಳದ ಹತ್ತಿರ ಅಡಗಿದ್ದ. ಕಾಗೆಗಳು ಅವನಿಗೆ ರೊಟ್ಟಿ, ಮಾಂಸ ತಂದು ಕೊಡುತ್ತಿದ್ದವು. ಕೊನೆಗೆ ಹಳ್ಳವೂ ಬತ್ತಿತು. ಆಗ ದೇವರು ಅವನನ್ನು ಎಲ್ಲಿಗೆ ಕಳಿಸಿದ? ಶ್ರೀಮಂತನ ಮನೆಗಲ್ಲ. ಸೀದೋನ್ ಸೀಮೆಯ ಚಾರೆಪ್ತಕ್ಕೆ, ಒಬ್ಬ ಬಡ ವಿಧವೆಯ ಹತ್ತಿರ. ಅವಳು ಇಸ್ರಾಯೇಲ್ಯಳೂ ಅಲ್ಲ. ದಶಮಾಂಶದ ನಿಯಮ ಅವಳಿಗೆ ಸೇರಿದ್ದೇ ಅಲ್ಲ.

ಊರ ಬಾಗಿಲಲ್ಲಿ ಅವಳು ಸೌದೆ ಆರಿಸುತ್ತಿದ್ದಳು. ‘ಕುಡಿಯೋದಕ್ಕೆ ಸ್ವಲ್ಪ ನೀರು ಕೊಡಮ್ಮ’ ಅಂದ ಎಲೀಯ. ಅವಳು ಹೊರಟಳು. ಬರಗಾಲದಲ್ಲಿ ಗುರುತಿಲ್ಲದವನು ನೀರು ಕೇಳಿದರೆ ಎಷ್ಟು ಜನ ಎದ್ದು ಹೋಗುತ್ತಾರೆ, ಯೋಚಿಸಿ. ಅಷ್ಟರಲ್ಲಿ ಎಲೀಯ ಮತ್ತೆ ಕೂಗಿದ, ‘ಹಾಗೇ ಒಂದು ತುಂಡು ರೊಟ್ಟಿನೂ ತಗೊಂಡು ಬಾ.’ ಆಗ ಅವಳ ಮನಸ್ಸಿನಲ್ಲಿ ಇದ್ದದ್ದೆಲ್ಲ ಹೊರಗೆ ಬಂತು. ರೊಟ್ಟಿ ಇಲ್ಲ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಒಂಚೂರು ಎಣ್ಣೆ. ಅದರಲ್ಲೇ ರೊಟ್ಟಿ ಸುಟ್ಟು ನಾನೂ ನನ್ನ ಮಗನೂ ತಿಂದು ಸಾಯುತ್ತೇವೆ ಅಂದಳು.

ಇದಕ್ಕಿಂತ ಕಡು ಕಷ್ಟ ಇದೆಯಾ?

ಎಲೀಯ ಹೇಳಿದ, ‘ಹೆದರಬೇಡ. ನೀನು ಅಂದುಕೊಂಡ ಹಾಗೆ ಮಾಡು. ಆದರೆ ಮೊದಲು ನನಗೆ ಒಂದು ಚಿಕ್ಕ ರೊಟ್ಟಿ ಮಾಡಿಕೊಂಡು ಬಾ. ಆಮೇಲೆ ನಿನಗೂ ನಿನ್ನ ಮಗನಿಗೂ ಮಾಡಿಕೋ.’ ಮಳೆ ಬರುವ ತನಕ ಹಿಟ್ಟು ತೀರುವುದಿಲ್ಲ, ಎಣ್ಣೆ ಮುಗಿಯುವುದಿಲ್ಲ ಎಂದು ದೇವರ ಮಾತನ್ನೂ ತಿಳಿಸಿದ. ಕೇಳಿದಿರಲ್ಲ? ಚಿಕ್ಕ ರೊಟ್ಟಿ. ಅವಳಲ್ಲಿ ಇಲ್ಲದ ಹಬ್ಬದೂಟ ಕೇಳಲಿಲ್ಲ. ಇದ್ದ ಹಿಡಿ ಹಿಟ್ಟಿನಲ್ಲೇ ಕೇಳಿದ. ಆದರೆ ಮೊದಲು ಕೇಳಿದ. ಉಳಿದರೆ ಕೊಡು ಅನ್ನಲಿಲ್ಲ.

ಅವಳು ಹೋಗಿ ಹಾಗೇ ಮಾಡಿದಳು. ಹಿಟ್ಟು ತೀರಲಿಲ್ಲ, ಎಣ್ಣೆ ಮುಗಿಯಲಿಲ್ಲ. ಇಲ್ಲಿ ಒಂದು ವಿಷಯ ಗಮನಿಸಿ, ನಾನು ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಬರ ನಿಲ್ಲಲಿಲ್ಲ. ಮಡಕೆ ಉಕ್ಕಿ ಹರಿಯಿತು ಎಂದು ಸತ್ಯವೇದ ಹೇಳುವುದಿಲ್ಲ, ತೀರಲಿಲ್ಲ ಎಂದಷ್ಟೇ ಹೇಳುತ್ತದೆ. ಅವಳು ದಿನಾ ಬೆಳಿಗ್ಗೆ ಮಡಕೆಗೆ ಕೈ ಹಾಕಿ ನೋಡಬೇಕಿತ್ತು. ದಿನಾ ನಂಬಬೇಕಿತ್ತು. ಯೇಸು ಕಲಿಸಿದ ಪ್ರಾರ್ಥನೆಯೂ ಹೀಗೇ ಅಲ್ವಾ? ಅನುದಿನದ ಆಹಾರ ಕೇಳಿ ಅಂದ, ವರ್ಷದ ದಾಸ್ತಾನು ಕೇಳಿ ಅನ್ನಲಿಲ್ಲ.

ಅದಕ್ಕೇ ನನಗೆ ಒಂದು ವಿಷಯ ಸಹಿಸೋಕೆ ಆಗುವುದಿಲ್ಲ. ದಶಮಾಂಶ ತಂದರೆ ಆಶೀರ್ವಾದ ಸುರಿಸುತ್ತೇನೆ ಎಂದು ದೇವರು ಹೇಳುವ ಮಲಾಕಿಯ 3:10 ತೋರಿಸಿ, ಕೆಲವರು ಇಷ್ಟು ಕೊಟ್ಟರೆ ಅದರ ನೂರರಷ್ಟು ವಾಪಸ್ ಬರುತ್ತದೆ ಎಂದು ಕಷ್ಟದಲ್ಲಿರುವವರಿಗೆ ಆಸೆ ಹುಟ್ಟಿಸುತ್ತಾರೆ. ಅದು ಲಾಟರಿ, ನಂಬಿಕೆಯಲ್ಲ. ಅದೇ ಅಧ್ಯಾಯದ 5ನೇ ವಚನವನ್ನೂ ಓದಿ. ಕೂಲಿಯವರ ಕೂಲಿ ಹಿಡಿಯುವವರ ಮೇಲೆ, ವಿಧವೆಯರನ್ನು ಅನಾಥರನ್ನು ಹಿಂಸಿಸುವವರ ಮೇಲೆ ದೇವರು ಅಲ್ಲಿ ಸಿಟ್ಟಾಗಿದ್ದಾನೆ. ಬಡವರ ಕೊನೇ ಕಾಸು ಕಿತ್ತುಕೊಳ್ಳೋಕೆ ಆ ಪುಸ್ತಕ ಬಳಸಬೇಡಿ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಪೂರ್ತಿ ಸಂಬಳದ ಮೇಲೆ ಕೊಡಬೇಕಾ, ಕಡಿತ ಆಗಿ ಕೈಗೆ ಬಂದದ್ದರ ಮೇಲಾ? ಯಾವುದಾದರೂ ಒಂದು ಹಿಡಿದು ಶುರುಮಾಡಿ! ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಎರಡನೇ ಪತ್ರದಲ್ಲಿ ಬರೆದದ್ದು ಇಷ್ಟೇ: ಪ್ರತಿಯೊಬ್ಬರೂ ಮನಸ್ಸಿನಲ್ಲಿ ನಿಶ್ಚಯಿಸಿದಂತೆ ಕೊಡಲಿ, ಬೇಸರದಿಂದ ಬೇಡ, ಬಲವಂತದಿಂದ ಬೇಡ. ಅದೇ ಪತ್ರದಲ್ಲಿ, ಮನಸ್ಸಿದ್ದರೆ ಇರುವುದರ ಪ್ರಕಾರ ಕೊಟ್ಟದ್ದು ಒಪ್ಪಿಗೆ, ಇಲ್ಲದ್ದರ ಪ್ರಕಾರ ಅಲ್ಲ ಅಂದಿದ್ದಾನೆ. ನಾನು ಆಗಲೇ ಹೇಳಿದ್ದೂ ಅದೇ. ಇಲ್ಲದ್ದನ್ನು ಕೇಳುವುದಿಲ್ಲ, ಇರುವುದರಲ್ಲಿ ಮೊದಲ ಪಾಲು.

ಸಾಲದ ಬಗ್ಗೆಯೂ ಹೇಳಬೇಕಿತ್ತು, ಸಮಯ ಕಡಿಮೆ ಇದೆ. ಚಿಕ್ಕದಾಗಿ ಹೇಳಿಬಿಡುತ್ತೇನೆ. ಅರಸುಗಳ ಎರಡನೇ ಪುಸ್ತಕ, 4ನೇ ಅಧ್ಯಾಯ. ಅಲ್ಲಿಯೂ ಒಬ್ಬ ವಿಧವೆ, ಅಲ್ಲಿಯೂ ಎಣ್ಣೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಗುಲಾಮರಾಗಿ ಒಯ್ಯೋಕೆ ಬಂದಿದ್ದ. ದೇವರು ಎಣ್ಣೆ ಹೆಚ್ಚಿಸಿದ ಮೇಲೆ, ಎಲೀಯನ ನಂತರ ಬಂದ ಪ್ರವಾದಿ ಎಲೀಷ ಏನು ಹೇಳಿದ? ಎಣ್ಣೆ ಮಾರು, ಸಾಲ ತೀರಿಸು, ಉಳಿದದ್ದರಲ್ಲಿ ಬದುಕು. ದೇವರನ್ನು ನಂಬುವವರು ಸಾಲ ಕೊಟ್ಟವರಿಂದ ತಲೆ ಮರೆಸಿಕೊಳ್ಳುವುದಿಲ್ಲ. ಎದುರು ಕೂತು ಮಾತಾಡಿ. ಸ್ವಲ್ಪ ಸ್ವಲ್ಪವೇ ತೀರಿಸಿ.

ಕೊನೆಗೆ ಒಂದು. ಇದನ್ನು ಹೇಳದೆ ನಾನು ಏಳುವುದಿಲ್ಲ. ಧರ್ಮೋಪದೇಶಕಾಂಡ 14ನೇ ಅಧ್ಯಾಯ ಓದಿ. ಪ್ರತಿ 3ನೇ ವರ್ಷ ದಶಮಾಂಶವನ್ನು ಊರಲ್ಲೇ ಇಡಬೇಕಿತ್ತು. ಯಾರಿಗೆ? ದೇವರ ಸೇವೆ ಮಾಡುತ್ತಿದ್ದ, ಸ್ವಂತ ಹೊಲವಿಲ್ಲದ ಲೇವಿಯರಿಗೆ, ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ. ಅವರು ಬಂದು ಹೊಟ್ಟೆ ತುಂಬ ತಿನ್ನಲಿ ಎಂದು. ಹಾಗಾದರೆ ಇವತ್ತು ನಿಮ್ಮ ಮನೆಯಲ್ಲಿ ಒಲೆ ಹಚ್ಚೋಕೆ ಆಗುತ್ತಿಲ್ಲ ಅಂದರೆ, ಆ ಪಾಲು ನಿಮಗೂ ಸೇರಿದ್ದು. ಕಾಣಿಕೆ ಹಾಕೋಕೆ ಏನೂ ಇಲ್ಲ ಎಂದು ನಾಚಿಕೊಂಡು ಭಾನುವಾರ ಸಭೆ ತಪ್ಪಿಸುವವರು ಇದ್ದಾರೆ. ಬರಿಗೈಯಲ್ಲೇ ಹೋಗಿ. ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರ, ಇಲ್ಲವೇ ಸಭೆಯ ಹಿರಿಯರ ಹತ್ತಿರ, ‘ಮನೆಯಲ್ಲಿ ಕಷ್ಟ ಇದೆ’ ಎಂದು ಬಾಯಿಬಿಟ್ಟು ಹೇಳಿ. ಈ ಭಾನುವಾರವೇ ಹೇಳಿ. ನಮಸ್ಕಾರ.